ಒಂದು ಮೀನು, ಐದು ವಾದ್ಯ, ಸದ್ದಿಲ್ಲದ ಕ್ಯಾಮೆರಾ

ಈ ವಾರದ ಚಿತ್ರದಲ್ಲಿ ಫೈಟಿಂಗ್ ಇಲ್ಲ. ಕ್ಯಾಬರೆ ಇಲ್ಲ. ಮಳೆಯಲ್ಲಿ ನೆನೆಯುವ ನಾಯಕಿ ಇಲ್ಲ. ಖಳನಾಯಕ? ಇದ್ದಾನೆ. ಆದರೆ ಆ ಮಹಾಶಯ ಕಾಲಿಡೋದು ಚಿತ್ರ ಮುಗಿದು ಎರಡು ವರ್ಷ ಆದ ಮೇಲೆ! ಅವನ ವಿಚಾರ ಆಮೇಲೆ ಹೇಳ್ತೀನಿ, ಅವಸರ ಮಾಡಬೇಡಿ.

ಚಿತ್ರದ ಹೆಸರು ‘ದಿ ಟ್ರೌಟ್’. ಟ್ರೌಟ್ ಅಂದರೆ ತಣ್ಣನೆಯ ತೊರೆಗಳಲ್ಲಿ ಓಡಾಡುವ ಒಂದು ಜಾತಿಯ ಮೀನು. ಹಾಗಂತ ಇದು ಮೀನಿನ ಮೇಲೆ ತೆಗೆದ ಡಾಕ್ಯುಮೆಂಟರಿ ಅಲ್ಲ. 1969ರ ಆಗಸ್ಟ್ 30ರಂದು ಲಂಡನ್ನಿನ ಕ್ವೀನ್ ಎಲಿಜಬೆತ್ ಹಾಲ್‌ನಲ್ಲಿ ಐದು ಜನ ಗೆಳೆಯರು ಕೂತು ಒಂದು ಸಂಗೀತ ಕೃತಿ ನುಡಿಸಿದರು. ಒಬ್ಬ ನಿರ್ದೇಶಕ ಅದನ್ನೂ, ಅದಕ್ಕೆ ಮುಂಚಿನ ಅವರ ತಯಾರಿ, ತಮಾಷೆ, ಕೀಟಲೆಗಳನ್ನೂ ಫಿಲ್ಮಿಗೆ ಇಳಿಸಿದ. ಕಥೆ ಅಂತ ಕೇಳಿದರೆ ಇಷ್ಟೇ. ಕ್ಲೈಮ್ಯಾಕ್ಸು ಮುಕ್ಕಾಲು ಗಂಟೆಗೆ ಸ್ವಲ್ಪ ಕಡಿಮೆ, ಒಂದೇ ಒಂದು ಡೈಲಾಗ್ ಇಲ್ಲ.

“ಇದೆಲ್ಲ ನಮಗ್ಯಾಕೆ ಗುರುವೇ, ಆ ಸೂಟುಬೂಟಿನ ಸಂಗೀತ ನಮ್ಮ ತಲೆಗೆ ಹತ್ತುತ್ತಾ?” ಅಂತ ನೀವು ಕೇಳೋದು ಇಲ್ಲಿಗೇ ಕೇಳಿಸ್ತಿದೆ. ಸ್ವಲ್ಪ ತಾಳಿ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಅಂದಕೂಡಲೇ ನಮ್ಮ ಕಣ್ಣ ಮುಂದೆ ಬರೋದು ನೂರು ಜನರ ಆರ್ಕೆಸ್ಟ್ರಾ, ಅದರ ಮುಂದೆ ಜನರಿಗೆ ಬೆನ್ನು ತಿರುಗಿಸಿ ಕೋಲು ಆಡಿಸೋ ಕಂಡಕ್ಟರು (ಬಸ್ ಕಂಡಕ್ಟರ್ ಅಲ್ಲ ಸ್ವಾಮಿ, ಈತನ ಹತ್ತಿರ ಸೀಟಿ ಇರಲ್ಲ). ಇದು ಅದಲ್ಲ. ಇದು ಛೇಂಬರ್ ಮ್ಯೂಸಿಕ್. ಅಂದರೆ ಕೋಣೆಯೊಳಗಿನ ಸಂಗೀತ. ಮನೆಯ ನಡುಮನೆಯಲ್ಲಿ ಮೂರೋ ನಾಲ್ಕೋ ಐದೋ ಮಂದಿ ಕೂತು ನುಡಿಸಿಕೊಳ್ಳೋದು. ಒಂದೊಂದು ವಾದ್ಯಕ್ಕೆ ಒಬ್ಬೊಬ್ಬರೇ. ತಪ್ಪಿದರೆ ಬಚ್ಚಿಟ್ಟುಕೊಳ್ಳೋಕೆ ಪಕ್ಕದಲ್ಲಿ ಇನ್ನೊಬ್ಬ ಇರೋದಿಲ್ಲ. ಕೋಲು ಹಿಡಿದವನೂ ಇಲ್ಲ. ಯಾವಾಗ ಶುರು, ಯಾವಾಗ ನಿಧಾನ, ಯಾವಾಗ ಜೋರು.. ಎಲ್ಲಾ ಕಣ್ಣಲ್ಲೇ ತೀರ್ಮಾನ. ಕ್ಲೋಸಪ್ಪಿಗೆ ಇದಕ್ಕಿಂತ ಒಳ್ಳೆ ವಸ್ತು ಇನ್ನೇನು ಬೇಕು ಹೇಳಿ?

ಈಗ ಪಾತ್ರವರ್ಗ. ಪಿಯಾನೋ ಮುಂದೆ ಡೇನಿಯಲ್ ಬಾರೆನ್‌ಬಾಯಿಮ್, ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಹುಟ್ಟಿದವನು, ಆಗ ವಯಸ್ಸು 26. ಪಿಟೀಲು ಹಿಡಿದವನು ಇಟ್ಜಾಕ್ ಪರ್ಲ್‌ಮನ್. ಮಾರನೇ ದಿನವೇ ಅವನ ಹುಟ್ಟುಹಬ್ಬ, 24 ತುಂಬುತ್ತೆ. ನಾಲ್ಕನೇ ವಯಸ್ಸಿಗೆ ಪೋಲಿಯೋ ಹೊಡೆದು ಕಾಲು ಹೋದವನು. ಊರುಗೋಲಿನ ಮೇಲೆ ವೇದಿಕೆಗೆ ಬರಬೇಕು, ಕೂತೇ ನುಡಿಸಬೇಕು. ಕೂತಮೇಲೆ ಮಾತ್ರ ಯಾರೂ ಅವನ ಕಾಲು ನೋಡೋದಿಲ್ಲ! ವಯೋಲ, ಅಂದರೆ ಪಿಟೀಲಿಗಿಂತ ಒಂದಿಷ್ಟು ದೊಡ್ಡದು, ದನಿ ಒಂದಿಷ್ಟು ದಪ್ಪ.. ಅದನ್ನು ಹಿಡಿದವನು ಪಿಂಕಾಸ್ ಜುಕರ್‌ಮನ್, ಬರೀ 21. ಅವನೂ ಭಾರೀ ಪಿಟೀಲುಗಾರನೇ. ಆದರೆ ಈ ಕೃತಿಯಲ್ಲಿ ಪಿಟೀಲಿಗೆ ಇರೋದು ಒಂದೇ ಕುರ್ಚಿ. ಅದನ್ನು ಗೆಳೆಯನಿಗೆ ಬಿಟ್ಟು ತಾನು ವಯೋಲ ಎತ್ತಿಕೊಂಡ.

ಕಾಲುಗಳ ನಡುವೆ ನಿಲ್ಲಿಸಿಕೊಂಡು ನುಡಿಸುವ ಚೆಲ್ಲೋ ಜಾಕ್ವೆಲಿನ್ ಡು ಪ್ರೇಯದು. ಆಕ್ಸ್‌ಫರ್ಡ್‌ನಲ್ಲಿ ಹುಟ್ಟಿದ ಹುಡುಗಿ, 24 ವಯಸ್ಸು, ಬಂಗಾರದ ಬಣ್ಣದ ಉದ್ದ ಕೂದಲು. ಆಗಲೇ ಜಗತ್ತಿಗೆಲ್ಲ ಹೆಸರು. 1965ರಲ್ಲಿ ಎಲ್ಗರ್ ಎಂಬ ಇಂಗ್ಲಿಷ್ ಸಂಗೀತಗಾರನ ಚೆಲ್ಲೋ ಕೃತಿಯನ್ನು ರೆಕಾರ್ಡ್ ಮಾಡಿದಾಗ ಆಕೆಗೆ ಇಪ್ಪತ್ತು. ಅಯ್ಯಾ ಪಡ್ಡೆ ಹೈಕಳಾ, ಕನಸು ಕಟ್ಟಬೇಡಿ.. ಆಕೆ ಬಾರೆನ್‌ಬಾಯಿಮನ ಹೆಂಡತಿ. 1967ರ ಜೂನ್‌ನಲ್ಲಿ ಜೆರೂಸಲೇಮಿನಲ್ಲಿ ಮದುವೆ, ಅಲ್ಲಿ ಆರು ದಿನದ ಯುದ್ಧ ಮುಗಿದು ಒಂದು ವಾರವೂ ಆಗಿರಲಿಲ್ಲ.

ಐದನೆಯವನು ನಮ್ಮವನು! ಆಳೆತ್ತರದ ಡಬಲ್ ಬೇಸ್ ತಬ್ಬಿಕೊಂಡು ನುಡಿಸಿದವನು ಬೊಂಬಾಯಿಯ ಪಾರ್ಸಿ ಹುಡುಗ ಜುಬಿನ್ ಮೆಹ್ತಾ. ಅಪ್ಪ ಮೆಹ್ಲಿ ಮೆಹ್ತಾ ಬೊಂಬಾಯಲ್ಲೇ ಸಿಂಫನಿ ಆರ್ಕೆಸ್ಟ್ರಾ ಕಟ್ಟಿದ ಮನುಷ್ಯ. ಮಗ ಡಾಕ್ಟರಾಗಲಿ ಅಂತ ಕಾಲೇಜಿಗೆ ಸೇರಿಸಿದ್ದಾಯಿತು. ಮಗ ಅದನ್ನು ಅರ್ಧಕ್ಕೆ ಬಿಟ್ಟು, 1954ರಲ್ಲಿ, ಹದಿನೆಂಟನೇ ವಯಸ್ಸಿಗೆ ಸಂಗೀತ ಕಲಿಯೋಕೆ ವಿಯೆನ್ನಾಕ್ಕೆ ಹೊರಟೇಬಿಟ್ಟ. (ಪಿ.ಯು.ಸಿ.ಗೇ ಕೈಮುಗಿದು ಬಂದ ನನಗೆ ಈತನ ಮೇಲೆ ಒಂದು ಪಿಡಿ ಪ್ರೀತಿ ಜಾಸ್ತಿ, ತಪ್ಪು ತಿಳೀಬೇಡಿ.) ಅಲ್ಲಿ ಡಬಲ್ ಬೇಸನ್ನೂ ಕಲಿತ. ಆದರೆ 1969ರ ಹೊತ್ತಿಗೆ ಆತ ಬೇಸ್ ನುಡಿಸೋ ಆಸಾಮಿ ಅಲ್ಲ, ಅಮೆರಿಕದ ಲಾಸ್ ಏಂಜಲೀಸ್ ಫಿಲ್‌ಹಾರ್ಮೋನಿಕ್‌ನ ಮುಖ್ಯಸ್ಥ, ದೊಡ್ಡ ಕಂಡಕ್ಟರು. ಅಂಥವನು ಬಂದು ಎಲ್ಲರಿಗಿಂತ ಹಿಂದೆ, ಎಲ್ಲರಿಗಿಂತ ಕೆಳಗಿನ ಸ್ವರ ಹಿಡಿದು ನಿಲ್ಲೋದು ಅಂದರೆ? ಗಾಂಧಿನಗರದ ದೊಡ್ಡ ನಿರ್ದೇಶಕನೊಬ್ಬ ಗೆಳೆಯನ ಶೂಟಿಂಗಿಗೆ ಬಂದು ರಿಫ್ಲೆಕ್ಟರ್ ಹಿಡಿದ ಹಾಗೆ. ಎಷ್ಟು ಜನ ಹಿಡೀತಾರೆ, ನೀವೇ ಲೆಕ್ಕ ಹಾಕಿ.

ಈ ಮೆಹ್ತಾ ಸ್ನೇಹಕ್ಕೆ ಎಂಥ ಪ್ರಾಣಿ ಅಂದರೆ, ಆ ಜೆರೂಸಲೇಮ್ ಮದುವೆಗೆ ಸಾಕ್ಷಿ ನಿಲ್ಲಲು ಯಹೂದಿಯೇ ಆಗಬೇಕು ಅಂತ ನಿಯಮ ಅಡ್ಡ ಬಂದಾಗ, “ಇವನು ಮೋಷೆ ಕೊಹೆನ್, ಪರ್ಷಿಯಾದಿಂದ ಹೊಸದಾಗಿ ಬಂದಿದಾನೆ” ಅಂತ ಸುಳ್ಳು ಹೆಸರಲ್ಲಿ ಒಳಗೆ ಸೇರಿಕೊಂಡವನು! ನಮ್ಮ ಕಾಮಿಡಿ ಟ್ರ್ಯಾಕಿಗೆ ಹೇಳಿ ಮಾಡಿಸಿದ ಸೀನು. ಮದುವೆಯ ಗಂಡೇ ಆಮೇಲೆ ಹೇಳಿಕೊಂಡ ಕಥೆ ಇದು.

ನಿರ್ದೇಶಕನ ಹೆಸರು ಕ್ರಿಸ್ಟೋಫರ್ ನ್ಯೂಪೆನ್. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿ, ಲಂಡನ್ನಿಗೆ ಬಂದು, ಬಿಬಿಸಿ ರೇಡಿಯೋದಲ್ಲಿ ಪಳಗಿ ಆಮೇಲೆ ಕ್ಯಾಮೆರಾ ಕಡೆ ಬಂದವನು. ಕಿವಿಯಿಂದ ಕಣ್ಣಿಗೆ ಬಂದ ಮನುಷ್ಯ ಅನ್ನಿ. ಹಳೇ ಶೂಟಿಂಗ್ ನೋಡಿದವರಿಗೆ ಗೊತ್ತು, ಫಿಲ್ಮ್ ಕ್ಯಾಮೆರಾ ಓಡುವಾಗ ಹೊಲಿಗೆ ಮೆಷಿನ್ನಿನ ಥರ ಕಟಕಟ ಅನ್ನುತ್ತೆ. ನಮ್ಮ ಚಿತ್ರಗಳಿಗೆ ಅದರಿಂದ ನಷ್ಟ ಏನೂ ಇರಲಿಲ್ಲ, ಡಬ್ಬಿಂಗ್ ಥಿಯೇಟರ್ ಇತ್ತಲ್ಲ. ಆದರೆ ಮೂರಡಿ ದೂರದಲ್ಲಿ ಒಬ್ಬ ಪಿಟೀಲಿನ ಮೇಲೆ ಕಮಾನನ್ನು ಮೆಲ್ಲಗೆ ಎಳೆಯುತ್ತಿರುವಾಗ ಈ ಹೊಲಿಗೆ ಮೆಷಿನ್ ಓಡಿಸೋಕಾಗುತ್ತಾ? ಸದ್ದು ಮುಚ್ಚೋಕೆ ಕ್ಯಾಮೆರಾಕ್ಕೆ ದಪ್ಪನೆಯ ಪೆಟ್ಟಿಗೆ ತೊಡಿಸಬೇಕು. ತೊಡಿಸಿದರೆ ಅದು ಬೀರು ಆಗುತ್ತೆ, ಇಟ್ಟ ಜಾಗದಿಂದ ಅಲ್ಲಾಡಲ್ಲ. ಅದಕ್ಕೇ ಹಳೆಯ ಸಂಗೀತ ಚಿತ್ರಗಳಲ್ಲಿ ಕಲಾವಿದರು ಫೋಟೋ ಸ್ಟುಡಿಯೋದಲ್ಲಿ ಕೂತವರ ಹಾಗೆ ಬಿಗಿದುಕೊಂಡು ಕಾಣ್ತಾರೆ.

1960ರ ದಶಕದಲ್ಲಿ ಸದ್ದು ಮಾಡದ 16 ಎಂಎಂ ಕ್ಯಾಮೆರಾಗಳು ಬಂದವು. ಹೆಗಲ ಮೇಲೆ ಹೊತ್ತುಕೊಂಡು ಎಲ್ಲಿ ಬೇಕಾದರೂ ನುಗ್ಗಬಹುದು. ನ್ಯೂಪೆನ್ ಅದನ್ನು ಹಿಡಿದು ನೇರ ಗೆಳೆಯರ ನಡುವೆಯೇ ಹೋದ. ಈ ಐವರೂ ಅವನಿಗೆ ಬೇಕಾದವರೇ, ಹಾಗಾಗಿ ಯಾರೂ ಕ್ಯಾಮೆರಾ ನೋಡಿ ಕಾಲರ್ ಸರಿಮಾಡಿಕೊಳ್ಳೋದಿಲ್ಲ. ವೇದಿಕೆಯ ಹಿಂದಿನ ಕೋಣೆಯಲ್ಲಿ ಒಬ್ಬರ ವಾದ್ಯ ಇನ್ನೊಬ್ಬರು ಕಸಿದುಕೊಂಡು ನುಡಿಸಿ ಬಿದ್ದು ಬಿದ್ದು ನಗ್ತಾರೆ. ಇನ್ನು ಕೆಲವೇ ನಿಮಿಷಕ್ಕೆ ಜಗತ್ತಿನ ಮುಂದೆ ನುಡಿಸಬೇಕಾದವರು ಇವರೇನಾ ಅನ್ನಿಸುತ್ತೆ. ನಮ್ಮ ಕಾಲೇಜು ಹಾಸ್ಟೆಲ್ಲಿನ ಹುಡುಗರು ಥೇಟ್!

ಇಷ್ಟೊತ್ತು ನಟರ ಮಾತಾಯಿತು. ಈಗ ಸಂಗೀತ ನಿರ್ದೇಶಕ. ಅವನ ಹೆಸರು ಫ್ರಾನ್ಜ್ ಷೂಬರ್ಟ್. 1797ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಮೇಷ್ಟ್ರ ಮಗ. ಅಪ್ಪನ ಸ್ಕೂಲಿನಲ್ಲೇ ಕೆಲಕಾಲ ಮಕ್ಕಳಿಗೆ ಅಕ್ಷರ ತಿದ್ದಿಸಿ, ಬೇಜಾರಾಗಿ ಬಿಟ್ಟ. ಆಮೇಲೆ ಸಂಬಳದ ಕೆಲಸ ಅಂತ ನೆಟ್ಟಗೆ ಒಂದೂ ಇಲ್ಲ. ಎಷ್ಟೋ ದಿನ ಸ್ನೇಹಿತರ ಮನೆಯಲ್ಲೇ ವಾಸ. ನಮ್ಮ ಹಾಗೆ ಫ್ರೀಲ್ಯಾನ್ಸ್ ಅಂತಿಟ್ಟುಕೊಳ್ಳಿ, ಬರೆದಷ್ಟಕ್ಕೆ ಕಾಸು, ಅದೂ ಬಂದರೆ!

1819ರ ಬೇಸಿಗೆ. ಇಪ್ಪತ್ತೆರಡು ವಯಸ್ಸು. ಫೋಗಲ್ ಎಂಬ ಹೆಸರಾಂತ ಗಾಯಕನ ಜತೆ ಆಸ್ಟ್ರಿಯಾದ ಸ್ಟೈಯರ್ ಅನ್ನೋ ಊರಿಗೆ ಹೋದ. ಗುಡ್ಡ, ಹೊಳೆ, ಒಳ್ಳೆ ಊಟ. ಅಲ್ಲಿಂದ ಅಣ್ಣನಿಗೆ ಬರೆದ ಕಾಗದದಲ್ಲಿ ಏನು ಸುದ್ದಿ ಗೊತ್ತಾ? ತಾನು ಇಳಿದುಕೊಂಡ ಮನೆಯಲ್ಲಿ ಎಂಟು ಜನ ಹುಡುಗಿಯರಿದ್ದಾರೆ, ಹೆಚ್ಚುಕಮ್ಮಿ ಎಲ್ಲರೂ ಚೆನ್ನಾಗಿದ್ದಾರೆ ಅಂತ! ಇನ್ನೂರು ವರ್ಷದ ಹಿಂದಿನ ಮಹಾನ್ ಸಂಗೀತಗಾರ ಅಂತ ದೂರ ಕೂರಿಸಬೇಡಿ ಅಂತ ಹೇಳೋಕೆ ಇದನ್ನು ಎತ್ತಿದೆ.

ಆ ಊರಿನಲ್ಲಿ ಪೌಮ್‌ಗಾರ್ಟ್‌ನರ್ ಅಂತ ಒಬ್ಬ ಅನುಕೂಲಸ್ಥ. ಗಣಿ ವ್ಯವಹಾರ, ಬಿಡುವಿನಲ್ಲಿ ಚೆಲ್ಲೋ ಹುಚ್ಚು. ಷೂಬರ್ಟ್ ಎರಡು ವರ್ಷ ಮುಂಚೆ ಕಟ್ಟಿದ್ದ ‘ಟ್ರೌಟ್’ ಹಾಡು ಅವನಿಗೆ ಪ್ರಾಣ. ಆ ಧಾಟಿ ಬರುವ ಹಾಗೆ, ತನ್ನ ಮನೆಯ ಸಂಗೀತ ಕೂಟಕ್ಕೆ ಐದು ವಾದ್ಯಗಳ ಕೃತಿ ಬೇಕು ಅಂದ. ಹಿಟ್ ಹಾಡನ್ನೇ ಇನ್ನೊಂದು ಸಲ ಬಳಸಿ ಅನ್ನೋ ನಿರ್ಮಾಪಕರು ಆಗಲೂ ಇದ್ದರು ನೋಡಿ. ಹುಟ್ಟಿದ್ದು ‘ಟ್ರೌಟ್ ಕ್ವಿಂಟೆಟ್’.

ಆ ಹಾಡಿನ ಕಥೆಯೇ ಒಂದು ಸಿನಿಮಾ. ತಿಳಿನೀರಿನ ತೊರೆಯಲ್ಲಿ ಮೀನು ಬಾಣದ ಹಾಗೆ ಓಡಾಡ್ತಿದೆ. ದಡದಲ್ಲಿ ಗಾಳ ಹಿಡಿದ ಒಬ್ಬ. ನೀರು ತಿಳಿಯಾಗಿರೋ ತನಕ ಮೀನು ಸಿಗಲ್ಲ. ಅವನು ತಾಳ್ಮೆಗೆಟ್ಟು ನೀರನ್ನು ಕದಡಿ ರಾಡಿ ಮಾಡ್ತಾನೆ. ಮೀನು ಸಿಕ್ಕಿಬಿಡುತ್ತೆ. ನೋಡುತ್ತಾ ನಿಂತವನಿಗೆ ರಕ್ತ ಕುದಿಯುತ್ತೆ, ಅಷ್ಟೆ. ಕವಿ ಇದಾದ ಮೇಲೆ ಒಂದು ಚರಣದಲ್ಲಿ ಹೆಣ್ಣುಮಕ್ಕಳಿಗೆ ಗಾಳ ಹಾಕೋ ಗಂಡಸರ ಬಗ್ಗೆ ಎಚ್ಚರಿಕೆ ಬೇರೆ ಹೇಳಿದ್ದ. ಷೂಬರ್ಟ್ ಆ ನೀತಿಪಾಠಕ್ಕೆ ಕತ್ತರಿ ಹಾಕಿದ! ನಮ್ಮ ಎಡಿಟರುಗಳು ಇವನಿಗೆ ಒಂದು ಹಾರ ಹಾಕಬೇಕು.

ಬರೆದ ಕವಿಯ ಹೆಸರು ಷೂಬಾರ್ಟ್. ಹೆಸರು ಒಂದೇ ಥರ, ನೆಂಟರಲ್ಲ. ಆತ ಜರ್ಮನಿಯಲ್ಲಿ ಪತ್ರಿಕೆ ನಡೆಸ್ತಿದ್ದ, ಆಳುವ ದೊರೆಯನ್ನೇ ಹಿಡಿದು ಜಾಡಿಸ್ತಿದ್ದ. ಬೇರೆ ಸೀಮೆಯಲ್ಲಿದ್ದವನನ್ನು ದೊರೆಯ ಕಡೆಯವರು 1777ರಲ್ಲಿ ನೆಪ ಹೇಳಿ ತಮ್ಮ ಗಡಿಯೊಳಗೆ ಕರೆಸಿ ಹಿಡಿದರು. ವಿಚಾರಣೆ ಇಲ್ಲ, ಏನಿಲ್ಲ, ಹತ್ತು ವರ್ಷ ಕೋಟೆಯಲ್ಲಿ ಸೆರೆ. ಮೀನಿನ ಪದ್ಯ ಹುಟ್ಟಿದ್ದು ಆ ಸೆರೆಯಲ್ಲೇ. ಈಗ ಹಾಡನ್ನು ಇನ್ನೊಂದು ಸಲ ಕೇಳಿ, ರಾಡಿ ಮಾಡಿದ ನೀರು ಅಂದರೆ ಏನು ಅಂತ ತಿಳಿಯುತ್ತೆ.

ಕ್ವಿಂಟೆಟ್‌ನಲ್ಲಿ ಮಾತಿಲ್ಲ, ಧಾಟಿ ಮಾತ್ರ. ಒಟ್ಟು ಐದು ಭಾಗ. ಷೂಬರ್ಟನ ಜಾಣತನ ವಾದ್ಯಗಳ ಆಯ್ಕೆಯಲ್ಲಿದೆ. ಪಿಯಾನೋ ಜತೆ ಸಾಮಾನ್ಯವಾಗಿ ಎರಡು ಪಿಟೀಲು ಇಡ್ತಾರೆ. ಇಲ್ಲಿ ಒಂದೇ ಪಿಟೀಲು, ಬದಲಿಗೆ ಡಬಲ್ ಬೇಸ್. ತಳಪಾಯದ ಭಾರವನ್ನೆಲ್ಲ ಬೇಸ್ ಹೊತ್ತುಕೊಂಡಿತು. ಇಲ್ಲದಿದ್ದರೆ ಆ ಕೂಲಿ ಮಾಡಬೇಕಾಗಿದ್ದ ಚೆಲ್ಲೋಗೆ ಬಿಡುಗಡೆ, ಅದು ಮೇಲೆದ್ದು ಹಾಡತೊಡಗಿತು. ಪಿಯಾನೋದವನೂ ಎಷ್ಟೋ ಕಡೆ ಎರಡೂ ಕೈಯನ್ನು ಮೇಲಿನ ಮನೆಗಳಲ್ಲೇ ಇಟ್ಟು ಒಂದೇ ಸ್ವರಗುಚ್ಛ ಉರುಳಿಸ್ತಾನೆ, ಬಿಸಿಲಿಗೆ ನೀರು ಥಳಥಳ ಅಂದ ಹಾಗೆ. ಹಿಂದೆ ನಿಂತ ಮೆಹ್ತಾ ಇಲ್ಲದಿದ್ದರೆ ಈ ಆಟ ಯಾವುದೂ ನಡೆಯೋದಿಲ್ಲ.

ಮೊದಲ ಸಲ ಕೇಳೋರು ನೇರವಾಗಿ ನಾಲ್ಕನೇ ಭಾಗಕ್ಕೆ ಬನ್ನಿ. ಅಲ್ಲೇ ಮೀನಿನ ಹಾಡು. ಮೊದಲು ಪಿಯಾನೋ ಬಾಯಿ ಮುಚ್ಚಿ ಕೂರುತ್ತೆ. ನಾಲ್ಕು ತಂತಿ ವಾದ್ಯಗಳಷ್ಟೇ ಧಾಟಿಯನ್ನು ಮೆಲ್ಲಗೆ ಪರಿಚಯ ಮಾಡಿಕೊಡ್ತವೆ. ಆಮೇಲೆ ಸುತ್ತು ಶುರು. ಒಂದನೇ ಸುತ್ತಿನಲ್ಲಿ ಧಾಟಿ ಪಿಯಾನೋಗೆ. ಎರಡನೆಯದರಲ್ಲಿ ವಯೋಲಗೆ, ಮೇಲೆ ಪಿಟೀಲಿನ ಕುಸುರಿ. ಮೂರನೆಯದು ಮಜಾ! ಧಾಟಿಯನ್ನು ಚೆಲ್ಲೋ, ಡಬಲ್ ಬೇಸ್ ಎಂಬ ಇಬ್ಬರು ದಢೂತಿಗಳು ಹೊತ್ತು ನಡೀತಾರೆ, ಮೇಲೆ ಬಾರೆನ್‌ಬಾಯಿಮನ ಬೆರಳು ಕುದುರೆ ಓಟ. ನಾಲ್ಕನೆಯದರಲ್ಲಿ ಆಕಾಶ ಕಪ್ಪಿಡುತ್ತೆ, ಗುಡುಗು. ಐದನೇ ಸುತ್ತು ಚೆಲ್ಲೋ ಒಂದರದ್ದು, ನಿಧಾನ, ತಗ್ಗಿದ ದನಿ. ಇದೆಲ್ಲ ಮುಗಿದ ಮೇಲೇ ಷೂಬರ್ಟ್ ತನ್ನ ತುರುಪು ಬಿಡೋದು. ಮೂಲ ಹಾಡಿನಲ್ಲಿ ಪಿಯಾನೋ ಮೀನಿನ ಹಾಗೆ ಪುಟಿಯುತ್ತಿತ್ತಲ್ಲ, ಆ ಪುಟಿತವನ್ನು ಇಷ್ಟೊತ್ತೂ ಬಚ್ಚಿಟ್ಟಿದ್ದ. ಕೊನೆಗೆ ಅದು ಚಂಗನೆ ಹಾರುತ್ತೆ. ನಾಯಕನ ಎಂಟ್ರಿ ಹೇಗೆ ತಡೆಹಿಡಿಯಬೇಕು ಅಂತ ಗೊತ್ತಿದ್ದ ಆಸಾಮಿ ಸ್ವಾಮಿ!

ಐದನೇ ಭಾಗದಲ್ಲಿ ಒಂದು ಕಿಲಾಡಿತನ ಇದೆ, ಎಚ್ಚರ. ನಡುವೆ ಒಂದು ಕಡೆ ಢಂ ಅಂತ ಮುಗಿದ ಹಾಗೆ ಮಾಡ್ತಾನೆ. ಚಪ್ಪಾಳೆಗೆ ಕೈ ಎತ್ತಿ ಪೇಚಿಗೆ ಸಿಕ್ಕವರು ಬೇಕಾದಷ್ಟಿದ್ದಾರೆ. ಅದು ಇಂಟರ್‌ವಲ್ ಅಷ್ಟೇ.

ಇಷ್ಟು ಬರೆದವನಿಗೆ ಏನು ಸಿಕ್ಕಿತು? ಕೃತಿ ಅಚ್ಚಾದದ್ದು 1829ರಲ್ಲಿ. ಷೂಬರ್ಟ್ ಸತ್ತದ್ದು 1828ರ ನವೆಂಬರ್ 19ರಂದು, 31ನೇ ವಯಸ್ಸಿಗೆ. ಬರೀ ತನ್ನ ಕೃತಿಗಳದ್ದೇ ಸಾರ್ವಜನಿಕ ಕಛೇರಿ ಅಂತ ಬದುಕಿನಲ್ಲಿ ಅವನು ಕಂಡದ್ದು ಒಂದೇ ಒಂದು, ಅದೂ ಸಾಯುವ ವರ್ಷದ ಮಾರ್ಚ್‌ನಲ್ಲಿ. ಅಲ್ಲಿ ನುಡಿಸಿದ ಪಿಯಾನೋ, ಪಿಟೀಲು, ಚೆಲ್ಲೋ ಮೂರರ ಒಂದು ಕೃತಿಯನ್ನು ಸ್ಟಾನ್ಲಿ ಕುಬ್ರಿಕ್ 1975ರಲ್ಲಿ ‘ಬ್ಯಾರಿ ಲಿಂಡನ್’ ಚಿತ್ರಕ್ಕೆ ತಂದ. ಲೇಡಿ ಲಿಂಡನ್ ಜೂಜಿನ ಮೇಜಿನಿಂದೆದ್ದು ಹೊರಗೆ ಬರ್ತಾಳೆ, ನಾಯಕ ಹಿಂದೆಯೇ ಬರ್ತಾನೆ. ಒಂದು ಮಾತಿಲ್ಲ. ಚೆಲ್ಲೋ ಮಾತ್ರ. ಕಥೆ ನಡೆಯೋದು 18ನೇ ಶತಮಾನದಲ್ಲಿ, ಸಂಗೀತ 1827ರದ್ದು. ಕಾಲ ಹೊಂದಲ್ಲ ಅಂತ ಕುಬ್ರಿಕ್‌ಗೂ ಗೊತ್ತಿತ್ತು. ಆದರೂ ಹಾಕಿದ. ಸರಿಯಾಗೇ ಹಾಕಿದ.

ಈಗ ಖಳನಾಯಕ. ನಿಮಗೆ ಮೊದಲೇ ಹೇಳಿದ್ದೆ.

ಲಂಡನ್ ಚಿತ್ರದಲ್ಲಿ ಜಾಕ್ವೆಲಿನ್ ಡು ಪ್ರೇಯನ್ನು ಗಮನಿಸಿ ನೋಡಿ. ಕಮಾನು ಎಳೆದಂತೆ ಇಡೀ ಮೈ ತೂಗುತ್ತೆ, ಕೂದಲು ತೂಗುತ್ತೆ. ಬೆರಳು ತಂತಿಯ ಮೇಲೆ ಓಡ್ತಿರುತ್ತೆ, ಕಣ್ಣು ಮಾತ್ರ ಗೆಳೆಯರ ಮೇಲೆ. ಗಂಡನ ಕಡೆ ಒಂದು ನೋಟ, ಪಿಟೀಲಿನ ಕಡೆ ಒಂದು ನಗು. ಬೆರಳಿಗೆ ದಾರಿ ಗೊತ್ತು, ಕಣ್ಣಿಗೆ ಬಿಡುವಿದೆ.

1971ರಲ್ಲಿ ಆಕೆಯ ಬೆರಳುಗಳು ಮರಗಟ್ಟಲು ಶುರುವಾದವು. ತಂತಿ ಮುಟ್ಟಿದ್ದು ತಿಳಿಯದು. ಕಮಾನಿನ ಭಾರ ತಿಳಿಯದು. ಚೆಲ್ಲೋದ ಪೆಟ್ಟಿಗೆ ತೆರೆಯೋದೇ ಕಷ್ಟ. ನಡುವೆ ವಿಶ್ರಾಂತಿ, ಮತ್ತೆ ಪ್ರಯತ್ನ. 1973ರ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ಕೊನೆಯ ಸಲ ಎಲ್ಗರ್ ನುಡಿಸಿದಾಗ ಎದುರಿಗೆ ಕೋಲು ಹಿಡಿದು ನಿಂತವನು ಮೆಹ್ತಾ. ಅದೇ ತಿಂಗಳು ನ್ಯೂಯಾರ್ಕಿನಲ್ಲಿ ಬ್ರಾಮ್ಸ್ ಎಂಬಾತನ ಜೋಡಿ ಕೃತಿ, ಪಕ್ಕದಲ್ಲಿ ಪಿಟೀಲು ಹಿಡಿದವನು ಜುಕರ್‌ಮನ್. ಬೆರಳಿಗೆ ಸ್ಪರ್ಶವೇ ಇಲ್ಲದ್ದರಿಂದ ಯಾವ ಬೆರಳು ಎಲ್ಲಿ ಕೂತಿದೆ ಅಂತ ಕಣ್ಣಿನಿಂದ ನೋಡಿ ನೋಡಿ ನುಡಿಸಬೇಕಾಯ್ತು. ನಾಲ್ಕು ದಿನದ ಕಾರ್ಯಕ್ರಮದಲ್ಲಿ ಮೂರು ಮುಗಿಸಿದರು. ನಾಲ್ಕನೆಯದಕ್ಕೆ ಆಗಲಿಲ್ಲ. ಆಮೇಲೆ ಆಕೆ ಜನರೆದುರು ಚೆಲ್ಲೋ ನುಡಿಸಲೇ ಇಲ್ಲ. ಅಕ್ಟೋಬರ್‌ನಲ್ಲಿ ಡಾಕ್ಟರರು ರೋಗಕ್ಕೆ ಹೆಸರು ಹೇಳಿದರು, ಮಲ್ಟಿಪಲ್ ಸ್ಕ್ಲೆರೋಸಿಸ್. ನರಗಳ ಮೇಲಿನ ಹೊದಿಕೆಯನ್ನೇ ತಿಂದುಹಾಕುವ ಕಾಯಿಲೆ. ವಯಸ್ಸು 28. ಹದಿನಾಲ್ಕು ವರ್ಷ ನರಳಿ, 1987ರ ಅಕ್ಟೋಬರ್ 19ರಂದು ಹೋದರು. ಆಗ 42.

ಆಕೆಯ ಕಥೆಯನ್ನು 1998ರಲ್ಲಿ ‘ಹಿಲರಿ ಅಂಡ್ ಜಾಕಿ’ ಅಂತ ಸಿನಿಮಾ ಮಾಡಿದರು. ಅಕ್ಕ, ತಮ್ಮ ಸೇರಿ ಬರೆದ ಪುಸ್ತಕದ ಆಧಾರ. ಎಮಿಲಿ ವಾಟ್ಸನ್‌ಗೆ ಆಸ್ಕರ್ ನಾಮಕರಣ ಕೂಡ ಆಯ್ತು, ಅಭಿನಯ ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಮನೆಯೊಳಗಿನ ಗಂಡ-ಹೆಂಡತಿ, ಅಕ್ಕ-ಭಾವಂದಿರ ಗುಟ್ಟನ್ನೆಲ್ಲ ಬೀದಿಗೆ ತಂದರು ಅಂತ ಆಕೆಯ ಆಪ್ತ ಸಂಗೀತಗಾರರು ಸಿಟ್ಟಿಗೆದ್ದು ಪತ್ರಿಕೆಗೆ ಬರೆದರು. ನನ್ನನ್ನು ಕೇಳಿದರೆ ಆ ಚಿತ್ರಕ್ಕೆ ಎರಡು ಗಂಟೆ ಕೊಡೋ ಬದಲು ನ್ಯೂಪೆನ್‌ನ ಚಿತ್ರವನ್ನೇ ಎರಡು ಸಲ ನೋಡಿ. ಅಲ್ಲಿರೋದು ಪಾತ್ರ ಮಾಡಿದ ನಟಿ, ಇಲ್ಲಿರೋದು ಖುದ್ದು ಜಾಕ್ವೆಲಿನ್.

ಚಿತ್ರ ಡಿವಿಡಿಯಲ್ಲಿ ಬಂದಿದೆ. ಸಿಕ್ಕರೆ ಒಬ್ಬರೇ ಕೂತು ನೋಡಬೇಡಿ, ರೂಮಿನ ನಾಲ್ಕು ಹುಡುಗರನ್ನೂ ಕೂರಿಸಿಕೊಳ್ಳಿ, ಇದು ಗುಂಪಿನ ಸಂಗೀತ. ಹರಟೆ ಹೊಡೆದುಕೊಂಡು ನೋಡಿದರೂ ತಪ್ಪಿಲ್ಲ, ಅವರೇನು ಕಮ್ಮಿ ಹರಟೆ ಹೊಡೆದಿಲ್ಲ. ನಾಲ್ಕನೇ ಭಾಗದ ಐದನೇ ಸುತ್ತು ಚೆಲ್ಲೋದು ಅಂದೆನಲ್ಲ.. ಅಲ್ಲಿಗೆ ಬಂದಾಗ ಯಾರಾದರೂ ಬೀಡಿ-ಬೆಂಕಿಪೊಟ್ಟಣ ಕೇಳಿದರೆ ಮಾತ್ರ, “ಒಂದು ನಿಮಿಷ ಇರೋ ಮಾರಾಯ” ಅನ್ನಿ.